ಶಾಲೆಯ ಹಾಲಿಗೆ ಕಾನೂನು ಇದೆಯಾ? ಲೋಟಕ್ಕೆ 18 ಗ್ರಾಂ ಪುಡಿ ಹಾಕದಿದ್ದರೆ ಯಾರನ್ನು ಕೇಳಬೇಕು?

ಜಗಳೂರು ತಾಲೂಕಿನ ತಾಯಿ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ 4ನೇ ಕ್ಲಾಸು ಓದುತ್ತಾಳೆ. ಊರ ಹೆಸರು, ಶಾಲೆ ಹೆಸರು ಬರೆಯುವುದಿಲ್ಲ. ಯಾರನ್ನೋ ಸಿಕ್ಕಿಹಾಕಿಸಬೇಕು ಅಂತ ಬಂದವಳಲ್ಲ ನಾನು.

ಕಳೆದ ವಾರ ಮಗಳು ನೀರಿನ ಬಾಟಲಿ ಮರೆತು ಹೋಗಿದ್ದಳು. ಕೊಟ್ಟು ಬರೋಣ ಅಂತ ಹೋದೆ. ಪ್ರಾರ್ಥನೆ ಮುಗಿದು ಮಕ್ಕಳು ಜಗಲಿ ಮೇಲೆ ಸಾಲಾಗಿ ಕೂತಿದ್ದರು. ಹಾಲು ಕೊಡುತ್ತಿದ್ದರು. ಮಗಳ ಲೋಟ ಇಸಿದುಕೊಂಡು ಒಂದು ಗುಟುಕು ಕುಡಿದೆ. ಬಿಸಿ ಇತ್ತು, ಸಿಹಿ ಇತ್ತು. ಹಾಲಿನ ರುಚಿ ಮಾತ್ರ ಇರಲಿಲ್ಲ. ಲೋಟ ಓರೆ ಮಾಡಿ ನೋಡಿದೆ. ಹಾಲಾದರೆ ಸ್ಟೀಲಿನ ಅಂಚಿಗೆ ಬೆಳ್ಳಗೆ ಒಂದು ಪದರ ಹಿಡಿಯುತ್ತದೆ. ಇದು ನೀರಿನ ಹಾಗೆ ಜಾರಿ ಹೋಯಿತು.

ಅಡುಗೆ ಮನೆಗೆ ಹೋಗಿ ಅಕ್ಕನನ್ನು ಮೆತ್ತಗೆ ಕೇಳಿದೆ. ಆಕೆ ಮುಚ್ಚಿಡಲಿಲ್ಲ. "ತಿಂಗಳ ಕೊನೆ ತಾಯಿ. ಪುಡಿ ಬಂದಿಲ್ಲ. ಇರೋದನ್ನೇ ಎಳೀಬೇಕು" ಅಂದರು. ಆವತ್ತು ಬಂದಿದ್ದ ಮಕ್ಕಳು 112. ಹಾಕಿದ ಪುಡಿ ಒಂದೂಕಾಲು ಕೆ.ಜಿ. ಅಂದಾಜು, ಅದೂ ಲೋಟದ ಲೆಕ್ಕದಲ್ಲಿ. ತೂಕ ಮಾಡುವ ತಕ್ಕಡಿ ಅಲ್ಲಿ ಇರಲೇ ಇಲ್ಲ.

ಮಧ್ಯಾಹ್ನದ ಊಟ ಕೊಡದಿದ್ದರೆ ಕೇಳುವ ಹಕ್ಕು ಇದೆ ಅಂತ ಎಲ್ಲರೂ ಹೇಳುತ್ತಾರೆ. ಹಾಲಿಗೂ ಅಂಥದ್ದೇ ಕಾನೂನು ಇದೆಯಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಚಳ್ಳಕೆರೆ ಕಡೆಯ ಮೇಷ್ಟ್ರು · ಸೋಮವಾರ, ರಾತ್ರಿ 10:15

ಅಮ್ಮಾ, ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನಾನು ನಮ್ಮ ಶಾಲೆಯಲ್ಲಿ ಬಿಸಿಯೂಟದ ರಿಜಿಸ್ಟರ್ ಬರೆಯುವವನು.

ಶಾಲೆ ಮಕ್ಕಳಿಗೆ ಹಾಲು ಕೊಡುವ ರಾಜ್ಯದ ಯೋಜನೆ ಕ್ಷೀರಭಾಗ್ಯ ಶುರುವಾಗಿದ್ದು 2013ರ ಆಗಸ್ಟ್ 1ಕ್ಕೆ. ಆಗ ವಾರಕ್ಕೆ ಮೂರು ದಿನ. 2017ರಿಂದ ಐದು ದಿನ. ಒಂದು ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿ, 10 ಗ್ರಾಂ ಸಕ್ಕರೆ. ಅದರಿಂದ 150 ಮಿ.ಲೀ. ಹಾಲು ಆಗಬೇಕು. 2024ರ ಫೆಬ್ರವರಿಯಿಂದ ವಾರದಲ್ಲಿ ಮೂರು ದಿನ ಇದೇ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡುತ್ತಿದ್ದೇವೆ.

ನಿಮ್ಮ 112 ಮಕ್ಕಳಿಗೆ ಲೆಕ್ಕ ಹಾಕಿ. 112ನ್ನು 18ರಿಂದ ಗುಣಿಸಿದರೆ 2016 ಗ್ರಾಂ. ಅಂದರೆ ಎರಡು ಕೆ.ಜಿ. ಪುಡಿ. ಒಂದೂಕಾಲು ಕೆ.ಜಿ. ಹಾಕಿದರೆ ಮಗುವಿಗೆ ಸಿಕ್ಕಿದ್ದು 11 ಗ್ರಾಂ ಚಿಲ್ಲರೆ. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿಯೇ ಕಮ್ಮಿ. ನಿಮ್ಮ ನಾಲಿಗೆ ಸರಿಯಾಗಿಯೇ ಹೇಳಿದೆ.

ಆದರೆ ಮೇಷ್ಟ್ರ ಕಡೆಯಿಂದಲೂ ಒಂದು ಮಾತು. ಪುಡಿ ತಡವಾದರೆ ನಮಗಿರುವುದು ಎರಡೇ ದಾರಿ. ಇರುವವರೆಗೆ ಸರಿಯಾಗಿ ಕೊಟ್ಟು ಆಮೇಲೆ ನಿಲ್ಲಿಸುವುದು. ಇಲ್ಲಾ ತೆಳ್ಳಗೆ ಮಾಡಿ ದಿನಾ ಕೊಡುವುದು. ನಿಲ್ಲಿಸಿದರೆ ಊರವರು ಬಂದು ಕೇಳುತ್ತಾರೆ. ತೆಳ್ಳಗೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ತುಂಬಾ ಕಡೆ ಎರಡನೆಯದೇ ನಡೆಯುತ್ತದೆ. ಅದು ತಪ್ಪು. ನಾನೂ ಒಂದು ವರ್ಷ ಹಾಗೆ ಮಾಡಿದ್ದೇನೆ, ಈಗ ಮಾಡುವುದಿಲ್ಲ. ಇಲ್ಲ ಅಂದರೆ ಇಲ್ಲ ಅಂತಲೇ ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಹಾಗೆ ಬರೆದರೆ ಮಾತ್ರ ಮೇಲಿನವರಿಗೆ ಗೊತ್ತಾಗುತ್ತದೆ.

ದಾವಣಗೆರೆ ಕೋರ್ಟಿನ ವಕೀಲ · ಮಂಗಳವಾರ, ಬೆಳಗ್ಗೆ 7:05

ಕಾನೂನಿನ ಭಾಗ ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಊಟ ಬೇರೆ, ಹಾಲು ಬೇರೆ. ಇದು ತಲೆಯಲ್ಲಿ ಇರಲಿ.

ಊಟಕ್ಕೆ ಗಟ್ಟಿ ಕಾನೂನಿದೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಬೇಕು, ವರ್ಷಕ್ಕೆ ಕನಿಷ್ಠ 200 ದಿನ, ಕನಿಷ್ಠ 300 ಕ್ಯಾಲರಿ. ನಮ್ಮ ಅಕ್ಷರ ದಾಸೋಹ, ಅಂದರೆ ಬಿಸಿಯೂಟ, ಶುರುವಾಗಿದ್ದು ಅದಾದ ಮೇಲೆಯೇ, ಮೊದಲು ಈಶಾನ್ಯ ಭಾಗದ ಜಿಲ್ಲೆಗಳಲ್ಲಿ, ಆಮೇಲೆ ನಮ್ಮ ಕಡೆಗೂ ಬಂತು. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಅದರ 5ನೇ ಸೆಕ್ಷನ್ ಪ್ರಕಾರ 8ನೇ ಕ್ಲಾಸಿನವರೆಗೆ, ರಜೆ ದಿನ ಬಿಟ್ಟು ದಿನಾ ಒಂದು ಊಟ, ಉಚಿತವಾಗಿ. ಕಾಯ್ದೆಯ ಕೊನೆಗಿರುವ ಪಟ್ಟಿಯಲ್ಲಿ ಕಿರಿಯ ಪ್ರಾಥಮಿಕಕ್ಕೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್. ಹಿರಿಯ ಪ್ರಾಥಮಿಕಕ್ಕೆ 700 ಕ್ಯಾಲರಿ, 20 ಗ್ರಾಂ ಪ್ರೋಟೀನ್ ಅಂತ ಬರೆದರು. 2015ರ ಸೆಪ್ಟೆಂಬರಿನಲ್ಲಿ ಇದಕ್ಕೆ ನಿಯಮಗಳು ಬಂದವು. ಅವು ತುಂಬಾ ಕೆಲಸದವು. ಅಕ್ಕಿ ಇಲ್ಲ, ಗ್ಯಾಸ್ ಇಲ್ಲ, ಅಡುಗೆಯವರು ಬಂದಿಲ್ಲ, ಏನೇ ಕಾರಣ ಇರಲಿ, ಊಟ ಕೊಡದ ದಿನಕ್ಕೆ ಸರ್ಕಾರ ಮಗುವಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕು, ಮುಂದಿನ ತಿಂಗಳ 15ನೇ ತಾರೀಖಿನೊಳಗೆ. ಸತತ ಮೂರು ದಿನ ಅಥವಾ ತಿಂಗಳಲ್ಲಿ ಐದು ದಿನ ಊಟ ತಪ್ಪಿದರೆ ಯಾರು ಹೊಣೆ ಅಂತ ಗುರುತಿಸಬೇಕು. ಬಿಸಿಯೂಟದ ಅಕ್ಕಿಯೋ ದುಡ್ಡೋ ಖಾಲಿಯಾದರೆ ಹೆಡ್‌ಮಾಸ್ತರು ಶಾಲೆಯ ಬೇರೆ ದುಡ್ಡು ತೆಗೆದು ಊಟ ನಡೆಸಬಹುದು, ಆಮೇಲೆ ತುಂಬಿಕೊಡುತ್ತಾರೆ.

ಈಗ ಹಾಲು. ಕೇಂದ್ರದ ಪಟ್ಟಿಯಲ್ಲಿ ಮಗುವಿಗೆ ಇಷ್ಟು ಧಾನ್ಯ, ಇಷ್ಟು ಬೇಳೆ, ಇಷ್ಟು ತರಕಾರಿ, ಇಷ್ಟು ಎಣ್ಣೆ ಅಂತ ಇದೆ. 100 ಗ್ರಾಂ, 20 ಗ್ರಾಂ, 50 ಗ್ರಾಂ, 5 ಗ್ರಾಂ. ದೊಡ್ಡ ಮಕ್ಕಳಿಗೆ ಇದರ ಒಂದೂವರೆಪಟ್ಟು. ಹಾಲಿನ ಹೆಸರೇ ಇಲ್ಲ. ನಮ್ಮ ಹಾಲು ನಿಂತಿರುವುದು ರಾಜ್ಯ ಸರ್ಕಾರದ ಆದೇಶದ ಮೇಲೆ, ಬಜೆಟ್ಟಿನ ದುಡ್ಡಿನ ಮೇಲೆ. ಅದು ಯೋಜನೆ. ಇನ್ನೂ ಹಕ್ಕು ಆಗಿಲ್ಲ. ಹಾಲು ತಪ್ಪಿದ ದಿನಕ್ಕೆ ಭತ್ಯೆ ಇಲ್ಲ.

ಹಾಗಂತ ಆದೇಶಕ್ಕೆ ಬೆಲೆ ಇಲ್ಲ ಅಂತಲ್ಲ. ಆದೇಶ ಇರುವವರೆಗೂ ಅಧಿಕಾರಿಗಳು ಪಾಲಿಸಲೇಬೇಕು. ನೀವು ಲೆಕ್ಕ ಕೇಳಬಹುದು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕೊಟ್ಟು ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಬರಬೇಕು. ಯಾವ ತಿಂಗಳು ಎಷ್ಟು ಪುಡಿ ಬಂತು, ಎಷ್ಟು ಮಕ್ಕಳಿಗೆ ಬಳಸಿದರು, ಎಷ್ಟು ಉಳಿಯಿತು, ಅಷ್ಟೇ ಕೇಳಿ. ಉದ್ದ ಕಥೆ ಬರೆಯಬೇಡಿ.

ಹೊಸದುರ್ಗದ ಹೈಸ್ಕೂಲ್ ಅಪ್ಪ · ಮಂಗಳವಾರ, ಬೆಳಗ್ಗೆ 7:50

ವಕೀಲರೇ, 8ನೇ ಕ್ಲಾಸಿನವರೆಗೆ ಅಂದಿರಿ. ನನ್ನ ಮಗ 9ನೇ ಕ್ಲಾಸು. ಅವನಿಗೂ ಊಟ, ಹಾಲು ಎರಡೂ ಸಿಗುತ್ತಿದೆಯಲ್ಲ?

ದಾವಣಗೆರೆ ಕೋರ್ಟಿನ ವಕೀಲ · ಮಂಗಳವಾರ, ಬೆಳಗ್ಗೆ 8:02

ಸಿಗುತ್ತಿದೆ ಸರ್. 9, 10ನೇ ಕ್ಲಾಸಿಗೆ ರಾಜ್ಯ ತನ್ನ ಖರ್ಚಿನಲ್ಲಿ ಕೊಡುತ್ತಿದೆ. ಆ ಮಕ್ಕಳ ಊಟವೂ ನಮ್ಮ ಹಾಲಿನ ಹಾಗೆ ಯೋಜನೆಯೇ.

ಹಿರಿಯೂರಿನ ಒಕ್ಕಲಿಗ · ಮಂಗಳವಾರ, ಬೆಳಗ್ಗೆ 9:20

ಎಲ್ಲರೂ ಓದಿದವರು, ನಾನು ಬೇರೆ ಮಾತು ಹೇಳ್ತೀನಿ. ನಮ್ಮದು ಹಳ್ಳಿ. ಮನೆಮನೆಗೂ ಹಸು, ಎಮ್ಮೆ ಇದಾವೆ. ಊರ ಹಾಲು ಊರಲ್ಲೇ ಇರುವಾಗ ಪುಡಿ ಹಾಲು ಯಾಕೆ? ಅದೇ ದುಡ್ಡಲ್ಲಿ ಇನ್ನೊಂದು ಮೊಟ್ಟೆ ಕೊಡಲಿ. ಮೊಟ್ಟೆಗೆ ನೀರು ಬೆರೆಸೋಕೆ ಆಗಲ್ಲ.

ಚನ್ನಗಿರಿ ಡೈರಿ ಕಾರ್ಯದರ್ಶಿ · ಮಂಗಳವಾರ, ಮಧ್ಯಾಹ್ನ 12:30

ಯಜಮಾನ್ರೇ, ನಿಮ್ಮ ಕೊನೆ ಮಾತು ಒಪ್ಪಿದೆ. ಮೊದಲನೆಯದಕ್ಕೆ ನಾನು ಒಪ್ಪಲ್ಲ.

ದಿನಾ ಬೆಳಗ್ಗೆ, ಸಂಜೆ ನಮ್ಮ ಸಂಘದ ಬಾಗಿಲಲ್ಲಿ ಹೆಣ್ಣುಮಕ್ಕಳು ಕ್ಯಾನು ಹಿಡಿದು ನಿಲ್ಲುತ್ತಾರೆ. ಹಸು ಇರುವ ಮನೆಯಲ್ಲೇ ಮಕ್ಕಳಿಗೆ ಹಾಲು ಕಮ್ಮಿ. ಯಾಕೆ ಅಂದರೆ ಆ ಹಾಲು ಹಿಂಡಿ ಸಾಲಕ್ಕೆ, ಸಂಘದ ಕಂತಿಗೆ, ಮಕ್ಕಳ ಬಟ್ಟೆಗೆ. ಟೀಗೆ ಒಂದು ಲೋಟ ಉಳಿಸಿಕೊಂಡು ಮಿಕ್ಕಿದ್ದೆಲ್ಲ ಡೈರಿಗೆ. ಲೀಟರಿಗೆ ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನವೂ ಬರುತ್ತದೆ. ಡೈರಿಗೆ ಹಾಕದೆ ಮಗುವಿಗೆ ಕೊಡು ಅಂತ ಆ ತಾಯಿಗೆ ಯಾವ ಬಾಯಲ್ಲಿ ಹೇಳಲಿ?

ಪುಡಿ ಹಾಲು ಅಂದರೆ ಬೇರೆ ಯಾವುದೋ ವಸ್ತು ಅಲ್ಲ. ನಾವು ಹಾಕಿದ ಹಾಲೇ ಅದು. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಗೆ ಒಂದೇ ಒಕ್ಕೂಟ, ಶಿಮುಲ್. ಹಾಲು ಜಾಸ್ತಿಯಾದಾಗ ಪುಡಿ ಮಾಡದೆ ಬೇರೆ ದಾರಿ ಇಲ್ಲ. ಶಾಲೆಗೆ ಪುಡಿ ಹೋದರೆ ರೈತನ ಹಾಲಿಗೆ ಗಿರಾಕಿ ಸಿಕ್ಕ ಹಾಗೆ. ಹಸಿ ಹಾಲು ಊರೂರಿಗೆ ಕೊಡೋಣ ಅಂದರೆ ಕೆಡದ ಹಾಗೆ ಇಡಲು ಫ್ರಿಜ್ ಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಹನ್ನೊಂದು ಗಂಟೆಗೇ ಹಾಲು ಒಡೆಯುತ್ತದೆ, ಗೊತ್ತಲ್ಲ.

ನನಗೆ ನೋವಾಗುವ ವಿಷಯ ಬೇರೆ. ರೈತ ಒಂದು ಲೀಟರ್ ತಂದರೂ ನಾನು ಅಳೆಯುತ್ತೇನೆ. ಫ್ಯಾಟ್ ಎಷ್ಟು, ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ ಅಂದರೆ ಎಸ್‌ಎನ್‌ಎಫ್ ಎಷ್ಟು. ಎಸ್‌ಎನ್‌ಎಫ್ 8.5 ಬರದಿದ್ದರೆ ಮುಖ ನೋಡದೆ ರೇಟು ಕತ್ತರಿಸಬೇಕು. ಮುದುಕಿ ಒಬ್ಬಳು "ನೀರು ಹಾಕಿಲ್ಲ ಕಣಪ್ಪಾ, ಹಸುಗೆ ಮೇವಿಲ್ಲ" ಅಂತ ಕಣ್ಣೀರು ಹಾಕಿದ್ದು ನನಗಿನ್ನೂ ನೆನಪಿದೆ. ಅಷ್ಟು ಕಟ್ಟುನಿಟ್ಟಾಗಿ ತೆಗೆದುಕೊಂಡ ಹಾಲು, ಪುಡಿಯಾಗಿ ಶಾಲೆಗೆ ಬಂದು ಮಗುವಿನ ಲೋಟಕ್ಕೆ ಬೀಳುವಾಗ ಅಳೆಯುವವರೇ ಇಲ್ಲ. ರೈತನಿಗೊಂದು ನ್ಯಾಯ, ಮಗುವಿಗೊಂದು ನ್ಯಾಯ ಆಯಿತಲ್ಲ.

ಬಿಸಿಯೂಟದ ಅಡುಗೆಯವಳು, ಹರಿಹರ ತಾಲೂಕು · ಮಂಗಳವಾರ, ಮಧ್ಯಾಹ್ನ 3:10

ಮಗನ ಫೋನಿಂದ ಬರೀತಿದೀನಿ. ಅಡುಗೆಯವರ ಮೇಲೆ ತಪ್ಪು ಬೀಳೋ ಮುಂಚೆ ನಮ್ಮ ಕೆಲಸನೂ ತಿಳ್ಕೊಳ್ಳಿ.

ಪುಡಿನ ಸೀದಾ ಕುದಿಯೋ ನೀರಿಗೆ ಸುರಿದರೆ ಗಂಟು ಕಟ್ಟುತ್ತೆ. ಗಂಟು ತಳಕ್ಕೆ ಹೋಗಿ ಸೀಯುತ್ತೆ. ಆಮೇಲೆ ಇಡೀ ಪಾತ್ರೆ ಸೀದ ವಾಸನೆ, ಮಕ್ಕಳು ಮೂಸಿ ನೋಡಿ ಚೆಲ್ತಾವೆ. ಅದಕ್ಕೆ ಮೊದಲು ಉಗುರು ಬೆಚ್ಚನೆ ನೀರು ಬಕೆಟ್ಟಿಗೆ ಹಾಕ್ಕೊಂಡು, ಪುಡಿನ ಸ್ವಲ್ಪ ಸ್ವಲ್ಪ ಉದುರಿಸ್ತಾ, ಕೈಲಿ ಹಿಸುಕಿ ದೋಸೆ ಹಿಟ್ಟಿನ ಹದಕ್ಕೆ ಕಲಸ್ತೀವಿ. ಆಮೇಲೆ ಅದನ್ನ ಕಾದ ನೀರಿಗೆ ಬಿಟ್ಟು ಕೈ ಬಿಡದೆ ತಿರುವಬೇಕು. ಸಕ್ಕರೆ ಕೊನೆಗೆ. ಇಷ್ಟನ್ನೂ ಪ್ರಾರ್ಥನೆ ಬೆಲ್ ಹೊಡೆಯೋದರೊಳಗೆ ಮುಗಿಸಬೇಕು. ಅದರ ಹಿಂದೇನೇ ಸಾರಿಗೆ ಬೇಳೆ ಇಡಬೇಕು. ನಮಗೆ ಬರೋದು ಗೌರವಧನ, ಸಂಬಳ ಅಲ್ಲ.

ತಕ್ಕಡಿ ಕೊಡಿ, ತೂಕ ಮಾಡಿಯೇ ಹಾಕ್ತೀವಿ. ನಮ್ಮ ಶಾಲೇಲಿ ಹೊಸ ಹೆಡ್‌ಮೇಡಂ ಬಂದ ಮೇಲೆ ಒಂದು ಡಬ್ಬಕ್ಕೆ ಬಣ್ಣದಲ್ಲಿ ಗೆರೆ ಎಳೆದು ಕೊಟ್ಟಿದಾರೆ. ಆ ಗೆರೆವರೆಗೂ ತುಂಬಿದರೆ ಒಂದು ಕೆ.ಜಿ., 55 ಮಕ್ಕಳಿಗೆ ಆಗುತ್ತೆ. ಓದು ಬರದಿದ್ದರೂ ಗೆರೆ ಕಾಣುತ್ತೆ.

ಜಗಳೂರು ತಾಲೂಕಿನ ತಾಯಿ · ಮಂಗಳವಾರ, ಸಂಜೆ 6:00

ಅಕ್ಕಾ, ಆ ಗೆರೆಯ ಡಬ್ಬ ತುಂಬಾ ಒಳ್ಳೆಯ ಉಪಾಯ. ನಾನು ಅಡುಗೆಯವರ ಮೇಲೆ ತಪ್ಪು ಹೊರಿಸುತ್ತಿಲ್ಲ. ನಮ್ಮ ಅಕ್ಕ ನಿಜ ಹೇಳಿದ್ದಕ್ಕೇ ಇಷ್ಟು ಗೊತ್ತಾಯಿತು.

ವಕೀಲರೇ, ಒಂದು ಕೇಳಲಾ? ಅಕ್ಕಿ ಖಾಲಿಯಾದರೆ ಹೆಡ್‌ಮಾಸ್ತರು ಬೇರೆ ದುಡ್ಡಿನಲ್ಲಿ ತರಬಹುದು ಅಂದಿರಿ. ಹಾಲಿನ ಪುಡಿಗೆ ಆ ಮಾತು ಬರೆದಿದ್ದರೆ ನಮ್ಮ ಹೆಡ್‌ಮಾಸ್ತರು ಎಳೆಯುವ ಗತಿಯೇ ಬರುತ್ತಿರಲಿಲ್ಲ ಅಲ್ವಾ?

ದಾವಣಗೆರೆ ಕೋರ್ಟಿನ ವಕೀಲ · ಮಂಗಳವಾರ, ಸಂಜೆ 6:45

ಸರಿಯಾದ ಜಾಗಕ್ಕೆ ಬಂದಿರಿ ತಾಯಿ. ಕಾನೂನಿನಲ್ಲಿ ಒಂದು ಸಾಲು ಇದ್ದರೆ ಮೇಷ್ಟ್ರ ಕೈಗೆ ಬಲ ಬರುತ್ತದೆ. ಇಲ್ಲದಿದ್ದರೆ ಒಳ್ಳೆಯ ಮೇಷ್ಟ್ರೂ ಕಣ್ಣುಮುಚ್ಚಿಕೊಂಡು ನೀರು ಬೆರೆಸುತ್ತಾರೆ.

ನೆನಪಿಡಿ, ಊಟವೂ ಮೊದಲು ಯೋಜನೆಯೇ ಆಗಿತ್ತು. ತಮಿಳುನಾಡಿನಲ್ಲಿ ಎಂ.ಜಿ.ಆರ್. 1982ರಲ್ಲಿ ದೊಡ್ಡದಾಗಿ ನಡೆಸಿದಾಗ ಅದು ಸರ್ಕಾರದ ಕಾರ್ಯಕ್ರಮ. ರಾಜಸ್ಥಾನದ ಬರಗಾಲದಲ್ಲಿ ಗೋದಾಮಿನಲ್ಲಿ ಧಾನ್ಯ ಕೊಳೆಯುತ್ತಿದೆ, ಜನ ಹಸಿದಿದ್ದಾರೆ ಅಂತ ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಅದು ಆದೇಶವಾಯಿತು. ಹನ್ನೆರಡು ವರ್ಷ ಕಳೆದು ಕಾಯ್ದೆ ಆಯಿತು. ಕೋವಿಡ್‌ನಲ್ಲಿ ಶಾಲೆ ಮುಚ್ಚಿದಾಗಲೂ ಮಕ್ಕಳ ಪಾಲಿನ ಅಕ್ಕಿ, ಬೇಳೆ ಮನೆಗೆ ಬಂದಿದ್ದು ಆ ಕಾಯ್ದೆಯ ಬಲದಿಂದ.

ಹರಿಹರದ ಮಗಳು, ಈಗ ಅಮೆರಿಕದಲ್ಲಿ · ಬುಧವಾರ, ಬೆಳಗ್ಗೆ 5:30

ಊರಿನ ಮಾತು ಓದಿ ಸುಮ್ನೆ ಇರಲು ಆಗಲಿಲ್ಲ. ನನ್ನ ಇಬ್ಬರು ಮಕ್ಕಳು ಇಲ್ಲಿಯ ಸರ್ಕಾರಿ ಶಾಲೆಗೇ ಹೋಗುತ್ತಾರೆ.

ಇಲ್ಲಿ ಶಾಲೆಯ ಹಾಲು ಅಂದರೆ ದೊಡ್ಡ ರಾಜಕೀಯ. 1946ರಿಂದ ಶಾಲೆಯ ಊಟಕ್ಕೆ ಕಾಯ್ದೆ ಇದೆ, ಹಾಲಿನ ಮಾತು ಕಾಯ್ದೆಯ ಒಳಗೇ ಇದೆ. ಊಟದ ಜೊತೆ ಹಾಲು ಇಡಲೇಬೇಕು. ಸಣ್ಣ ರಟ್ಟಿನ ಡಬ್ಬಿಯಲ್ಲಿ ಸುಮಾರು 240 ಮಿ.ಲೀ. ಎಷ್ಟು ಕೊಬ್ಬು ಇರಬೇಕು ಅನ್ನುವುದನ್ನೂ ಕಾನೂನೇ ಹೇಳುತ್ತದೆ. 2010ರಲ್ಲಿ ಹೊಸ ಕಾಯ್ದೆ ಮಾಡಿ, 2012ರಿಂದ ಕೆನೆ ತೆಗೆದ ಹಾಲು ಅಥವಾ 1% ಕೊಬ್ಬಿನ ಹಾಲು ಮಾತ್ರ ಅಂದರು. ಮಕ್ಕಳು ದಪ್ಪ ಆಗುತ್ತಿದ್ದಾರೆ ಅನ್ನುವ ಚಿಂತೆ. ಆ ತೆಳು ಹಾಲು ಮಕ್ಕಳಿಗೆ ಹಿಡಿಸುತ್ತಿಲ್ಲ, ಡಬ್ಬಿ ಒಡೆಯದೆ ಕಸಕ್ಕೆ ಹಾಕುತ್ತಾರೆ ಅಂತ ಹಾಲಿನ ರೈತರು ವರ್ಷಗಟ್ಟಲೆ ಕೂಗಿದರು. ಈಗ 2026ರ ಜನವರಿಯಲ್ಲಿ ಮತ್ತೆ ಕಾನೂನು ಬದಲಾಯಿತು. ಕೆನೆ ತೆಗೆಯದ ಹಾಲನ್ನೂ ಶಾಲೆ ಕೊಡಬಹುದು. ಹಾಲು ಒಗ್ಗದ ಮಗುವಿಗೆ ಸೋಯಾ ಹಾಲಿನಂಥ ಬದಲಿಗೂ ಕಾನೂನಿನಲ್ಲಿ ಜಾಗ ಇದೆ.

ಇಂಗ್ಲೆಂಡಿನ ಕಥೆ ಉಲ್ಟಾ. 1946ರಿಂದ ಅಲ್ಲಿ ಶಾಲೆಯ ಎಲ್ಲ ಮಕ್ಕಳಿಗೂ ದಿನಾ ಉಚಿತ ಹಾಲು ಇತ್ತು. 1968ರಲ್ಲಿ ದೊಡ್ಡ ಮಕ್ಕಳದ್ದು ನಿಂತಿತು. 1971ರಲ್ಲಿ ಏಳು ವರ್ಷ ದಾಟಿದ ಮಕ್ಕಳದ್ದೂ ನಿಂತಿತು. ಆಗ ಶಿಕ್ಷಣ ಸಚಿವೆ ಆಗಿದ್ದವರು ಮಾರ್ಗರೆಟ್ ಥ್ಯಾಚರ್. ಹಾಲು ಕಸಿದವಳು ಅನ್ನುವ ಹೆಸರು ಆಕೆ ಪ್ರಧಾನಿ ಆದ ಮೇಲೂ ಹೋಗಲಿಲ್ಲ.

ಹಾಗಾಗಿ ಕಾಯ್ದೆಯಲ್ಲಿ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳಲಾರೆ. ಆದರೆ ಕಾಯ್ದೆಯಲ್ಲಿದ್ದದ್ದನ್ನು ತೆಗೆಯಬೇಕಾದರೆ ಸಂಸತ್ತಿನಲ್ಲಿ ಎಲ್ಲರೆದುರು ನಿಂತು ತೆಗೆಯಬೇಕು. ನಮ್ಮಲ್ಲಿ ಹಾಗಿಲ್ಲ, ತಿಂಗಳ ಕೊನೆಗೆ ಸದ್ದಿಲ್ಲದೆ ತೆಳ್ಳಗಾಗುತ್ತದೆ.

ಚನ್ನಗಿರಿ ಡೈರಿ ಕಾರ್ಯದರ್ಶಿ · ಬುಧವಾರ, ಬೆಳಗ್ಗೆ 10:40

ಅಕ್ಕಾ, ನಿಮ್ಮ ಕೊಬ್ಬಿನ ಮಾತು ಓದಿ ನಾನೂ ಲೆಕ್ಕ ಹಾಕಿದೆ. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಕೆನೆಭರಿತ ಪುಡಿಯಲ್ಲಿ ಕನಿಷ್ಠ 26% ಕೊಬ್ಬು ಇರಬೇಕು. ತೇವಾಂಶ 5% ದಾಟಬಾರದು. 18 ಗ್ರಾಂನಲ್ಲಿ 26% ಅಂದರೆ 4.7 ಗ್ರಾಂ ಹತ್ತಿರ. ಅದನ್ನು 150 ಮಿ.ಲೀ. ಮಾಡಿದರೆ ಕೊಬ್ಬು 3.1% ಬರುತ್ತದೆ. ನೀಲಿ ಪ್ಯಾಕೆಟ್ ಟೋನ್ಡ್ ಹಾಲು 3%. ಅಂದರೆ ಸರಿಯಾಗಿ ಕಲಸಿದ ಶಾಲೆಯ ಹಾಲು ಅಂಗಡಿಯ ನೀಲಿ ಪ್ಯಾಕೆಟ್ಟಿಗೆ ಸಮ. ಇದು ಒಳ್ಳೆಯ ಹಾಲು. ರಾಜಸ್ಥಾನದಲ್ಲಿ 2022ರಲ್ಲಿ ಇಂಥದ್ದೇ ಯೋಜನೆ ಮಾಡಿದಾಗ ಚಿಕ್ಕ ಮಕ್ಕಳ 150 ಮಿ.ಲೀ.ಗೆ ಇಟ್ಟಿದ್ದು 15 ಗ್ರಾಂ ಪುಡಿ. ನಮ್ಮದು ಅದಕ್ಕಿಂತ ಗಟ್ಟಿ. ಆದರೆ 11 ಗ್ರಾಂ ಹಾಕಿದರೆ ಕೊಬ್ಬು 2%ಕ್ಕಿಂತ ಕೆಳಗೆ ಬೀಳುತ್ತದೆ.

ಇನ್ನೊಂದು ಮಾತು. ಯಾರಾದರೂ ಹಾಲು ಎಷ್ಟು ಗಟ್ಟಿ ಅಂತ ಅಳೆಯುವ ಲ್ಯಾಕ್ಟೋಮೀಟರ್ ತಂದು ಶಾಲೆಯ ಹಾಲಿಗೆ ಬಿಟ್ಟು ನೋಡೋಣ ಅಂದರೆ, ಸಕ್ಕರೆ ಹಾಕುವ ಮುಂಚೆ, ಹಾಲು ಆರಿದ ಮೇಲೆ ನೋಡಿ. ಸಕ್ಕರೆ ಬಿದ್ದರೆ ಡಿಗ್ರಿ ಮೇಲೆ ಹೋಗುತ್ತದೆ, ನೀರು ಹಾಲೂ ಗಟ್ಟಿ ಹಾಲಿನ ಹಾಗೆ ತೋರಿಸುತ್ತದೆ. ಎಲ್ಲಕ್ಕಿಂತ ಸುಲಭ ಅಂದರೆ ಪುಡಿಯನ್ನೇ ತೂಗುವುದು.

ಹೊಳಲ್ಕೆರೆ ನರ್ಸ್ · ಬುಧವಾರ, ಮಧ್ಯಾಹ್ನ 2:20

ಎಲ್ಲರೂ ಹಾಲಿನ ಬಗ್ಗೆ ಮಾತಾಡುತ್ತಿದ್ದೀರಿ. ಹಾಲಿಗೆ ಹಾಕುವ ನೀರಿನ ಬಗ್ಗೆ ಯಾರೂ ಹೇಳಲಿಲ್ಲ.

ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿ ಫ್ಲೋರೈಡ್ ನೀರಿನ ಹಳ್ಳಿಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ಲೀಟರ್ ನೀರಿಗೆ ಫ್ಲೋರೈಡ್ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲವೇ ಇಲ್ಲ ಅಂದರೆ 1.5ರವರೆಗೆ ನಡೆಯುತ್ತದೆ. ಬೋರಿನ ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಆ ನೀರಲ್ಲೇ ಹಾಲು ಕಲಸಿ ಕೊಟ್ಟರೆ ಏನು ಬಂತು?

ಇನ್ನೊಂದು ಕಡೆ, ಫ್ಲೋರೈಡ್ ಇರುವ ಊರಿನ ಮಕ್ಕಳಿಗೇ ಹಾಲು ಜಾಸ್ತಿ ಬೇಕು. ಹಾಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಸೇರುವುದು ಕಮ್ಮಿಯಾಗುತ್ತದೆ. ಬೆಂಗಳೂರಿನ ಮಗುವಿಗೆ ಹಾಲು ಒಳ್ಳೆಯದು. ಜಗಳೂರಿನ ಮಗುವಿಗೆ ಅದು ಔಷಧಿಯ ಹಾಗೆ. ಅದನ್ನೇ ಇಲ್ಲಿ ತೆಳ್ಳಗೆ ಮಾಡುತ್ತಿದ್ದೇವೆ.

ಹೊಟ್ಟೆಗೆ ಹಾಲು ಒಗ್ಗದ ಮಕ್ಕಳೂ ಇದ್ದಾರೆ. ಕುಡಿದ ಒಂದು ಗಂಟೆಗೆ ಹೊಟ್ಟೆ ಉಬ್ಬರ, ನೋವು, ಭೇದಿ. ಅಂಥವರನ್ನು ಕಳ್ಳಾಟ ಅಂತ ಬೈಯಬೇಡಿ, ಬಲವಂತ ಮಾಡಬೇಡಿ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಅಂತ ಸರ್ಕಾರವೇ ಬರೆದಿದೆ. ಹಾಲು ಒಗ್ಗದ ಮಗುವಿಗೂ ಹಾಗೊಂದು ಬದಲಿ ಬೇಕು.

ದಾವಣಗೆರೆ ಕೋರ್ಟಿನ ವಕೀಲ · ಬುಧವಾರ, ಸಂಜೆ 5:15

ಸಿಸ್ಟರ್, ನೀರಿಗೆ ಕಾನೂನಿದೆ! ಅದೇ 5ನೇ ಸೆಕ್ಷನ್ನಿನ ಎರಡನೇ ಭಾಗ. ಪ್ರತಿ ಶಾಲೆ, ಪ್ರತಿ ಅಂಗನವಾಡಿಯಲ್ಲೂ ಅಡುಗೆ ಮಾಡಲು, ಕುಡಿಯುವ ನೀರಿಗೆ, ನೈರ್ಮಲ್ಯಕ್ಕೆ ವ್ಯವಸ್ಥೆ ಇರಲೇಬೇಕು. ಹಾಲು ಯೋಜನೆ, ಸರಿ. ನೀರು ಹಕ್ಕು. ಶುದ್ಧ ನೀರಿನ ಘಟಕದ ನೀರಲ್ಲೇ ಹಾಲು ಕಾಯಿಸಿ ಅಂತ ಧೈರ್ಯವಾಗಿ ಕೇಳಬಹುದು.

ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಸಮಿತಿ) ಅಧಿಕಾರ ಇದೆ. ಊಟದ ಗುಣಮಟ್ಟ, ಶುಚಿ ನೋಡುವ ಕೆಲಸವನ್ನು 2015ರ ನಿಯಮ ನೇರವಾಗಿ ಅವರಿಗೇ ಕೊಟ್ಟಿದೆ. ಮಕ್ಕಳಿಗೆ ಬಡಿಸುವ ಮುಂಚೆ ದೊಡ್ಡವರು ರುಚಿ ನೋಡಬೇಕು, ಅವರಲ್ಲಿ ಒಬ್ಬರಾದರೂ ಶಿಕ್ಷಕರು ಇರಬೇಕು. ಇದನ್ನು ಸುಮ್ನೆ ಬರೆದಿಲ್ಲ. 2013ರ ಜುಲೈ 16ರಂದು ಬಿಹಾರದ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಊಟ ಮಾಡಿ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಕೀಟನಾಶಕ ಸೇರಿತ್ತು. ನಮ್ಮ ಹಾಲಿನ ಯೋಜನೆ ಶುರುವಾಗಿದ್ದು ಅದಾದ ಎರಡೇ ವಾರಕ್ಕೆ. ರುಚಿ ನೋಡುವ ಪುಸ್ತಕದಲ್ಲಿ ತಿಂಗಳಿಗಾಗುವಷ್ಟು ಸಹಿಯನ್ನು ಒಂದೇ ದಿನ ಹಾಕುವವರು ಆ 23 ಮಕ್ಕಳನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಹಿರಿಯೂರಿನ ಒಕ್ಕಲಿಗ · ಬುಧವಾರ, ರಾತ್ರಿ 8:30

ಡೈರಿ ಅಣ್ಣನ ಮಾತು ನಿಜ. ನಮ್ಮ ಮನೇಲೂ ಅದೇ. ಎರಡು ಹಸು ಇವೆ, ಮೊಮ್ಮಗಳಿಗೆ ರಾತ್ರಿ ಅರ್ಧ ಲೋಟ ಸಿಕ್ಕರೆ ಹೆಚ್ಚು. ಇವತ್ತು ಕೇಳಿದೆ, ಶಾಲೆ ಹಾಲು ಹೆಂಗಿದೆ ಪುಟ್ಟಿ ಅಂತ. "ರಾಗಿ ದಿನ ಚೆನ್ನಾಗಿರುತ್ತೆ ತಾತ, ಬಿಳಿ ದಿನ ನೀರಾಗಿರುತ್ತೆ" ಅಂದಳು. ಮಾಲ್ಟ್ ಬಿದ್ದರೆ ತೆಳ್ಳಗಿರೋದು ಕಾಣಲ್ಲ, ಅಷ್ಟೇ ಅಂತ ಈಗ ಹೊಳೀತು. ನಾಳೆ ನಾನೂ ಶಾಲೆಗೆ ಹೋಗ್ತೀನಿ. ಮೊಟ್ಟೆ ಬೇಕು ಅನ್ನೋ ಮಾತು ಬಿಟ್ಟಿಲ್ಲ, ಆದರೆ ಹಾಲು ಬೇಡ ಅಂದಿದ್ದನ್ನ ವಾಪಸ್ ತಗೊಂಡೆ.

ಚಳ್ಳಕೆರೆ ಕಡೆಯ ಮೇಷ್ಟ್ರು · ಬುಧವಾರ, ರಾತ್ರಿ 9:00

ಯಜಮಾನ್ರೇ, ಹೋಗುವಾಗ ಜಗಳಕ್ಕೆ ಹೋಗಬೇಡಿ, ಲೋಟ ಹಿಡಿದು ಹೋಗಿ. ನಾನೂ ಕುಡಿಯುತ್ತೇನೆ ಅನ್ನಿ. ಊರ ಹಿರಿಯರು ವಾರಕ್ಕೊಂದು ದಿನ ಮಕ್ಕಳ ಜೊತೆ ಕೂತು ಕುಡಿದರೆ ನಮಗೂ ಧೈರ್ಯ. ಪುಡಿ ತಡವಾದಾಗ ತಾಲೂಕಿನ ಅಕ್ಷರ ದಾಸೋಹ ಕಚೇರಿಗೆ ಒಬ್ಬ ಮೇಷ್ಟ್ರು ಫೋನ್ ಮಾಡುವುದು ಬೇರೆ, ಎಸ್‌ಡಿಎಂಸಿ ಠರಾವು ಹೋಗುವುದು ಬೇರೆ.

ಜಗಳೂರು ತಾಲೂಕಿನ ತಾಯಿ · ಶನಿವಾರ, ಮಧ್ಯಾಹ್ನ 1:30

ಇವತ್ತು ಎಸ್‌ಡಿಎಂಸಿ ಸಭೆ ಆಯಿತು. ಹೋಗಿದ್ದೆ. ನಿಮ್ಮೆಲ್ಲರ ಮಾತನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ.

ಹೆಡ್‌ಮಾಸ್ತರು ಮೊದಲು ಸ್ವಲ್ಪ ಮುಖ ಗಂಟಿಕ್ಕಿದರು. ಅಡುಗೆ ಅಕ್ಕನನ್ನು ಬೈಯಬಾರದು ಅಂತ ನಾನು ಮೊದಲೇ ಹೇಳಿಬಿಟ್ಟೆ. ಆಮೇಲೆ ರಿಜಿಸ್ಟರ್ ತಂದು ತೋರಿಸಿದರು. ಪುಡಿ ಬರಬೇಕಾದ ದಿನಕ್ಕೂ ಬಂದ ದಿನಕ್ಕೂ ಹನ್ನೊಂದು ದಿನ ಅಂತರ ಇತ್ತು. ಕದ್ದವರು ಯಾರೂ ಇಲ್ಲ. ಇಪ್ಪತ್ತು ದಿನದ ಪುಡಿಯನ್ನು ಮೂವತ್ತು ದಿನಕ್ಕೆ ಹಂಚಿದ್ದರು. "ನಿಲ್ಲಿಸಿದರೆ ಮಕ್ಕಳು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೂರುತ್ತವಲ್ಲಮ್ಮ" ಅಂದರು. ಅವರ ಕಣ್ಣಲ್ಲೂ ನೀರಿತ್ತು. ನನಗೂ ಮಾತು ಹೊರಡಲಿಲ್ಲ. ನಮ್ಮ ಕಡೆ ಎಷ್ಟೋ ಮಕ್ಕಳು ಟೀ ಕುಡಿದು ಓಡಿ ಬರುವವರೇ, ಅದು ನಿಜ.

ಮೂರು ಠರಾವು ಆಯಿತು. ಒಂದು, ತಕ್ಕಡಿ ತರುವುದು. ಅದಕ್ಕೆ ಊರವರೇ ದುಡ್ಡು ಹಾಕಿದರು, ಸಂಜೆಯೇ ಬರುತ್ತದೆ. ಎರಡು, ಹಾಲಿಗೆ ಶುದ್ಧ ನೀರಿನ ಘಟಕದ ನೀರು. ದಿನಾ ಎರಡು ಕ್ಯಾನು ತಂದುಕೊಡುವುದು ಪಾಳಿಯ ಮೇಲೆ ಪೋಷಕರ ಜವಾಬ್ದಾರಿ. ಮೂರನೆಯದನ್ನು ವಕೀಲರು ಹೇಳಿಕೊಟ್ಟ ಹಾಗೆ ಬರೆದೆವು: ಕ್ಷೀರಭಾಗ್ಯದ ಹಾಲನ್ನು ಬಿಸಿಯೂಟದ ನಿಯಮದೊಳಗೆ ಸೇರಿಸಬೇಕು, ಪುಡಿ ತಡವಾದರೆ ಶಾಲೆಯ ಬೇರೆ ದುಡ್ಡಿನಲ್ಲಿ ಹಾಲು ತರಲು ಹೆಡ್‌ಮಾಸ್ತರಿಗೆ ಅಧಿಕಾರ ಕೊಡಬೇಕು, ಕೊಡದ ದಿನಕ್ಕೆ ಭತ್ಯೆ ಕೊಡಬೇಕು, ಹಾಲು ಒಗ್ಗದ ಮಗುವಿಗೆ ಬದಲಿ ಇರಬೇಕು. 14 ಜನ ಸಹಿ, 5 ಜನ ಹೆಬ್ಬೆಟ್ಟು. ಒಂದು ಪ್ರತಿ ಬಿಇಒಗೆ, ಒಂದು ಜಿಲ್ಲಾ ಪಂಚಾಯಿತಿಗೆ, ಒಂದು ನಮ್ಮ ಶಾಸಕರಿಗೆ.

ಮೇಷ್ಟ್ರೇ, ಯಜಮಾನ್ರೇ, ನಿಮ್ಮ ಶಾಲೆಯಿಂದಲೂ ಇದೇ ಮೂರನೇ ಠರಾವು ಹೋಗಲಿ. ಕೇಳಿದವರಿಗೆ ಕರಡು ಕಳಿಸುತ್ತೇನೆ.

ಬಿಸಿಯೂಟದ ಅಡುಗೆಯವಳು, ಹರಿಹರ ತಾಲೂಕು · ಶನಿವಾರ, ಮಧ್ಯಾಹ್ನ 2:05

ತಾಯಿ, ಕರಡು ನನಗೂ ಕಳಿಸಿ. ನಮ್ಮ ಹೆಡ್‌ಮೇಡಂಗೆ ತೋರಿಸ್ತೀನಿ. ತಕ್ಕಡಿ ಬಂದ ಮೇಲೂ ನಿಮ್ಮ ಅಕ್ಕಂಗೆ ಒಂದು ಡಬ್ಬಕ್ಕೆ ಗೆರೆ ಎಳೆದು ಕೊಡಿ. ಬೆಳಗ್ಗೆ ಗಡಿಬಿಡಿಲಿ ತಕ್ಕಡಿ ಸೆಲ್ಲು ಮುಗಿದಿದ್ರೂ ಗೆರೆ ಇರುತ್ತೆ. ಎಣ್ಣೆ ಬಣ್ಣದಲ್ಲೇ ಎಳೀರಿ, ಬೇರೆದಾದ್ರೆ ತೊಳೆದಾಗ ಹೋಗುತ್ತೆ.